ಶೈಕ್ಷಣಿಕ ಬಡತನ: ಬಡತನ ನಿವಾರಣಾ ನೀತಿ ಮತ್ತು ತುಮರಿ ಸೀಮೆ

ತನ್ನ ಕಾಲದ ಸಮಾಜದಲ್ಲಿ ದುಡಿದು, ವ್ಯವಹಾರ ನಡೆಸಿ, ಹಕ್ಕು ಕೇಳಿ ಪಡೆದು ಬದುಕಲು ಬೇಕಾದಷ್ಟು ಕಲಿಕೆ ದಕ್ಕದ ಸ್ಥಿತಿಯೇ ಶೈಕ್ಷಣಿಕ ಬಡತನ. ಶಾಲೆಯ ಮೆಟ್ಟಿಲು ಹತ್ತದವರು, ನಡುವೆ ಬಿಟ್ಟವರು, ತರಗತಿಗಳನ್ನು ದಾಟಿಯೂ ಓದಲು ಬಾರದವರು, ಓದುವ ಮನಸ್ಸಿದ್ದೂ ಮುಂದಿನ ಶಾಲೆ ಎಟುಕದವರು ಎಲ್ಲರೂ ಇದರೊಳಗೆ ಬರುತ್ತಾರೆ. ಕಾಸಿನ ಬಡತನಕ್ಕೂ ಇದಕ್ಕೂ ನಂಟು ಗಟ್ಟಿಯಾದುದೇ. ಆದರೂ ಎರಡೂ ಒಂದೇ ಅಲ್ಲ. ಮಲೆನಾಡಿನಲ್ಲಿ ಎರಡು ಎಕರೆ ತೋಟವಿರುವ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿಗೆ ನಿಂತುಬಿಡುವುದುಂಟು, ಕೂಲಿಯವರ ಮನೆಯ ಹುಡುಗ ಹಾಸ್ಟೆಲಿನಲ್ಲಿ ಒಂದು ಸೀಟು ಸಿಕ್ಕಿದ ಬಲದಿಂದ ಡಿಗ್ರಿ ಮುಗಿಸುವುದುಂಟು.

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ತುಮರಿ ಮತ್ತು ಅದರ ಸುತ್ತಲಿನ ಶರಾವತಿ ಹಿನ್ನೀರಿನ ಊರುಗಳು ಈ ವಿಷಯದಲ್ಲಿ ಒಂದು ವಿಶೇಷ ಪ್ರಕರಣ. ಇಲ್ಲಿನ ಶೈಕ್ಷಣಿಕ ಬಡತನದ ದೊಡ್ಡ ಪಾಲು ತಲೆಮಾರಿನಿಂದ ಬಂದದ್ದಲ್ಲ, ಸರ್ಕಾರದ್ದೇ ಒಂದು ದೊಡ್ಡ ಕಾಮಗಾರಿಯಿಂದ, ಶರಾವತಿಯ ಅಣೆಕಟ್ಟಿನಿಂದ, ಹುಟ್ಟಿದ್ದು. ಕರ್ನಾಟಕ ತನ್ನ ಹಿಂದುಳಿದಿರುವಿಕೆಯನ್ನು ಜಾತಿಯ ಲೆಕ್ಕದಲ್ಲಿ, ತಾಲ್ಲೂಕಿನ ಲೆಕ್ಕದಲ್ಲಿ, ಕುಟುಂಬದ ಲೆಕ್ಕದಲ್ಲಿ ಅಳೆದುಕೊಂಡು ಬಂದಿದೆ. ಹಿನ್ನೀರಿನವರ ಕೊರತೆ ಇದ್ದದ್ದು ದಾರಿಯಲ್ಲಿ. ಆ ಕಾರಣಕ್ಕೇ ಅದು ಯಾವ ಪಟ್ಟಿಯಲ್ಲೂ ನೆಟ್ಟಗೆ ಕಾಣಿಸಿಕೊಳ್ಳಲಿಲ್ಲ.

ಪರಿಕಲ್ಪನೆ

ವಿದ್ಯೆ ಇಲ್ಲದಿರುವುದನ್ನೇ ಒಂದು ಬಗೆಯ ಬಡತನವೆಂದು ಲೆಕ್ಕ ಹಿಡಿಯುವ ಪರಿಪಾಠ ಈಚಿನದು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಯುಟ್ಟಾ ಆಲ್ಮೆಂಡಿಂಗರ್ 1999ರಲ್ಲಿ ಅದನ್ನು ಚರ್ಚೆಗೆ ತಂದರು. ಪ್ರಮಾಣಪತ್ರವೇ ಇಲ್ಲದಿರುವುದು ಒಂದು ಬಗೆ, ಪ್ರಮಾಣಪತ್ರವಿದ್ದೂ ಸಾಮರ್ಥ್ಯವಿಲ್ಲದಿರುವುದು ಇನ್ನೊಂದು ಬಗೆ ಎಂಬ ವಿಂಗಡಣೆ ಅಲ್ಲಿಂದ ರೂಢಿಗೆ ಬಂತು. ಇಟಲಿ 2016ರಲ್ಲಿ ಮಕ್ಕಳ ಶೈಕ್ಷಣಿಕ ಬಡತನ ನಿವಾರಣೆಗೆಂದೇ ಪ್ರತ್ಯೇಕ ನಿಧಿ ತೆರೆಯಿತು. ವಿಶ್ವ ಬ್ಯಾಂಕು 2019ರಲ್ಲಿ ಕಲಿಕಾ ಬಡತನವೆಂಬ ಸೂಚಿಯನ್ನು ಮುಂದಿಟ್ಟಿತು. ಹತ್ತು ವರ್ಷದ ಮಗು ಒಂದು ಸರಳ ಪಠ್ಯವನ್ನು ಓದಿ ಅರ್ಥ ಮಾಡಿಕೊಳ್ಳಲಾರದಿದ್ದರೆ ಅದು ಈ ಲೆಕ್ಕಕ್ಕೆ ಸೇರುತ್ತದೆ. ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಅಂಥ ಮಕ್ಕಳ ಪ್ರಮಾಣ ಆಗ ಶೇ. 53 ಎಂದಿದ್ದ ಬ್ಯಾಂಕು, ಕೋವಿಡ್ ಕಾಲದ ಶಾಲಾ ಮುಚ್ಚುಗಡೆಯ ನಂತರ ಅದು ಶೇ. 70ಕ್ಕೆ ಏರಿರಬಹುದೆಂದು 2022ರಲ್ಲಿ ಅಂದಾಜಿಸಿತು.

ಇವೆಲ್ಲಕ್ಕೂ ಹಿಂದೆ ಅಮರ್ತ್ಯ ಸೇನ್ ಅವರ ವಾದವಿದೆ: ಬಡತನವೆಂದರೆ ಆದಾಯದ ಕೊರತೆಯಷ್ಟೇ ಅಲ್ಲ, ಮನುಷ್ಯನಿಗೆ ಏನಾಗಲು, ಏನು ಮಾಡಲು ಸಾಧ್ಯ ಎಂಬುದರ ಕೊರತೆ. ಆ ವಾದದ ಬೆನ್ನಿಗೆ 2010ರಲ್ಲಿ ಬಹುಆಯಾಮದ ಬಡತನ ಸೂಚ್ಯಂಕ ಬಂತು. ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ ಮೂರು ಆಯಾಮಗಳಿಗೆ ಅದರಲ್ಲಿ ಸಮಾನ ತೂಕ.

ಬಡತನ ರೇಖೆಯ ಆಚೆಗಿದ್ದ ಶಾಲೆ

ಭಾರತದ ಬಡತನ ನಿವಾರಣಾ ನೀತಿಯಲ್ಲಿ ಶಿಕ್ಷಣಕ್ಕೆ ಸಿಕ್ಕಿದ ಜಾಗವನ್ನು ತಿಳಿಯಲು 1962ರ ಕಾರ್ಯತಂಡದಿಂದ ಹೊರಡಬೇಕು. ಯೋಜನಾ ಆಯೋಗ ಕೂಡಿಸಿದ ಆ ತಂಡ ಕನಿಷ್ಠ ಬಾಳುವೆಗೆ 1960-61ರ ಬೆಲೆಯಲ್ಲಿ ತಲೆಗೆ ತಿಂಗಳಿಗೆ 20 ರೂಪಾಯಿ ಬೇಕೆಂದಿತು. ಆ ಇಪ್ಪತ್ತರಲ್ಲಿ ಶಿಕ್ಷಣದ ಖರ್ಚೂ ಇರಲಿಲ್ಲ, ಔಷಧದ ಖರ್ಚೂ ಇರಲಿಲ್ಲ. ಅವೆರಡನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ. ಮುಂದೆ ಬಂದ ರೇಖೆ ಕ್ಯಾಲೊರಿ ಲೆಕ್ಕದ್ದು, ಹಳ್ಳಿಯವರಿಗೆ 2400, ಪೇಟೆಯವರಿಗೆ 2100. ಮನೆಯವರು ಮಕ್ಕಳ ಓದಿಗೆ ಕೈಯಿಂದ ಹಾಕುವ ಹಣವನ್ನು ಬಡತನ ರೇಖೆಯೊಳಗೆ ತಂದದ್ದು 2009ರ ತೆಂಡೂಲ್ಕರ್ ಸಮಿತಿ. ಅಂದರೆ ಹೆಚ್ಚುಕಡಿಮೆ ಅರ್ಧ ಶತಮಾನ, ಮಗನನ್ನು ಪರವೂರಿನಲ್ಲಿ ಬಿಟ್ಟು ಓದಿಸಲು ಅಡಕೆ ಮುಂಗಡ ಎತ್ತಿದ ಮನೆಯೂ ಓದಿಸುವ ಗೋಜಿಗೇ ಹೋಗದ ಮನೆಯೂ ಸರ್ಕಾರದ ಲೆಕ್ಕದಲ್ಲಿ ಒಂದೇ.

ಐದನೆಯ ಪಂಚವಾರ್ಷಿಕ ಯೋಜನೆಯ ಕನಿಷ್ಠ ಅಗತ್ಯಗಳ ಕಾರ್ಯಕ್ರಮದಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸ್ಥಾನ ಸಿಕ್ಕಿತು ನಿಜ. ಆದರೆ ಅಲ್ಲಿ ಅದು ಕುಡಿಯುವ ನೀರು, ರಸ್ತೆ, ನಿವೇಶನಗಳ ಸಾಲಿನಲ್ಲಿ ಇನ್ನೊಂದು ಬಾಬತ್ತು. ಶಿಕ್ಷಣ ಹಕ್ಕಾದ ಕಥೆ ಬೇರೆಯೇ ದಾರಿಯಲ್ಲಿ ಸಾಗಿತು, ಅದರ ಮೊದಲ ಹೆಜ್ಜೆ ಕರ್ನಾಟಕದಲ್ಲೇ ಬಿತ್ತು. ವೈದ್ಯಕೀಯ ಕಾಲೇಜುಗಳ ಕ್ಯಾಪಿಟೇಶನ್ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ, ಬದುಕುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕು ಅಡಗಿದೆ ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು 14 ವರ್ಷದೊಳಗಿನ ಮಕ್ಕಳಿಗೆ ಮಿತಿಗೊಳಿಸಿತು. 2002ರ ಸಂವಿಧಾನ ತಿದ್ದುಪಡಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಆ ಮಿತಿಯ ಮೇಲೆಯೇ ನಿಂತವು. ಹದಿನಾಲ್ಕು ತುಂಬಿದ ಮಗು ಸಾಮಾನ್ಯವಾಗಿ ಎಂಟನೆಯ ತರಗತಿ ಮುಗಿಸಿರುತ್ತದೆ. ಹಿನ್ನೀರಿನ ಮಕ್ಕಳಿಗೆ ದೊಡ್ಡ ತೊಂದರೆ ಶುರುವಾಗುತ್ತಿದ್ದದ್ದೇ ಅಲ್ಲಿಂದ ಮುಂದೆ.

ಕರ್ನಾಟಕದ ಅಳತೆಗೋಲುಗಳು

ಹಿಂದುಳಿದಿರುವಿಕೆಯನ್ನು ವಿದ್ಯೆಯಿಂದ ಅಳೆಯುವುದರಲ್ಲಿ ಈ ನಾಡು ಹೊರಗಿನ ಪಂಡಿತರಿಗಿಂತ ಎಷ್ಟೋ ಮುಂದಿತ್ತು. ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ನಿಬಂಧನೆ ಬಂದದ್ದು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ ಇಂಗ್ಲಿಷ್ ಬಲ್ಲವರು ಶೇ. 5ಕ್ಕಿಂತ ಕಡಿಮೆ ಇರುವ ಸಮುದಾಯಗಳನ್ನು ಹಿಂದುಳಿದವೆಂದು ಗುರುತಿಸಿತು. 1961ರ ನಾಗನಗೌಡ ಸಮಿತಿ ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿರುವವರನ್ನು ಸಾವಿರ ಜನಸಂಖ್ಯೆಗೆ ಇಷ್ಟೆಂದು ಲೆಕ್ಕ ಹಾಕಿತು. ರಾಜ್ಯದ ಸರಾಸರಿ 6.9 ಬಂತು. 1975ರಲ್ಲಿ ವರದಿ ಕೊಟ್ಟ ಎಲ್.ಜಿ. ಹಾವನೂರು ಆಯೋಗ ಎಸ್ಸೆಸ್ಸೆಲ್ಸಿ ಪಾಸಾದವರ ಪ್ರಮಾಣವನ್ನು ನೋಡಿತು. ಇವೆಲ್ಲ ಮೀಸಲಾತಿಯ ಸಲುವಾಗಿ ಆದ ಲೆಕ್ಕಗಳು, ಅಳೆದದ್ದು ಸಮುದಾಯವನ್ನು.

ಪ್ರದೇಶವನ್ನು ಅಳೆಯುವ ದೊಡ್ಡ ಪ್ರಯತ್ನ ಡಿ.ಎಂ. ನಂಜುಂಡಪ್ಪ ಸಮಿತಿಯದು. 2002ರಲ್ಲಿ ಅದು ಕೊಟ್ಟ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಸಾರಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಪ್ರಾದೇಶಿಕ ಅಸಮತೋಲನದ ಎಲ್ಲ ಚರ್ಚೆಗೂ ಇಂದಿಗೂ ಅದೇ ಆಧಾರ, ಕಲಬುರಗಿ ಸೀಮೆಯ ಮಟ್ಟಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅದರ ಘಟಕ ತಾಲ್ಲೂಕು. ಒಂದು ತಾಲ್ಲೂಕಿನೊಳಗೆ ಪೇಟೆಯೂ ಇರುತ್ತದೆ, ಮುಳುಗಡೆಯ ಹೋಬಳಿಯೂ ಇರುತ್ತದೆ. ಸಾಗರ ಪೇಟೆಯ ಕಾಲೇಜುಗಳು, ಅಡಕೆ ಮಂಡಿ, ನೀನಾಸಮ್‌ನ ಹೆಗ್ಗೋಡು ಎಲ್ಲ ಸೇರಿದ ಸರಾಸರಿಯೊಳಗೆ ತುಮರಿ ಕರಗಿಹೋಗುತ್ತದೆ. ಜಿಲ್ಲೆಯ ಲೆಕ್ಕದಲ್ಲಂತೂ ಇನ್ನೂ ಸುಲಭ. 2011ರ ಜನಗಣತಿಯಲ್ಲಿ ಶಿವಮೊಗ್ಗದ ಸಾಕ್ಷರತೆ ಶೇ. 80.45, ರಾಜ್ಯದ್ದು ಶೇ. 75.36, ಯಾದಗಿರಿಯದು ಶೇ. 51.83. ಈ ಸಾಲನ್ನು ನೋಡಿದ ಯಾವ ಅಧಿಕಾರಿಯೂ ಹಿನ್ನೀರಿನ ಕಡೆ ತಲೆ ತಿರುಗಿಸುವುದಿಲ್ಲ, ತಿರುಗಿಸದ್ದಕ್ಕೆ ಅವರನ್ನು ದೂರುವಂತೆಯೂ ಇಲ್ಲ.

ಮೂರನೆಯ ಘಟಕ ಕುಟುಂಬ. ನೀತಿ ಆಯೋಗದ ಬಹುಆಯಾಮದ ಸೂಚ್ಯಂಕದ ಪ್ರಕಾರ ಕರ್ನಾಟಕದಲ್ಲಿ ಬಡವರ ಪ್ರಮಾಣ 2015-16ರ ಶೇ. 12.77ರಿಂದ 2019-21ರ ಹೊತ್ತಿಗೆ ಶೇ. 7.58ಕ್ಕೆ ಇಳಿದಿದೆ. ಶಿಕ್ಷಣಕ್ಕೆ ಇದರಲ್ಲಿ ಎರಡೇ ಪ್ರಶ್ನೆ. ಹತ್ತು ವರ್ಷ ಮೀರಿದವರಲ್ಲಿ ಒಬ್ಬರಾದರೂ ಆರು ವರ್ಷ ಶಾಲೆ ಕಲಿತಿದ್ದಾರೆಯೇ? ಎಂಟನೆಯ ತರಗತಿಯವರೆಗಿನ ವಯಸ್ಸಿನ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ? ಹಿನ್ನೀರಿನ ಒಂದು ಮನೆಯಲ್ಲಿ ಅಜ್ಜ ಹಳೆಯ ಏಳನೇ ಇಯತ್ತೆ ಪಾಸಾಗಿದ್ದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಮೊಮ್ಮಗಳು ಎಂಟನೆಯದರಲ್ಲಿ ಕೂತಿದ್ದರೆ ಎರಡನೆಯದಕ್ಕೂ ಉತ್ತರ ಸಿಕ್ಕಿತು. ಎರಡು ವರ್ಷ ಕಳೆದು ಅವಳು ಕಾಲೇಜು ಎಟುಕದೆ ಮನೆಯಲ್ಲೇ ಉಳಿದರೂ ಆ ಮನೆಗೆ ಶಿಕ್ಷಣದ ಬಾಬತ್ತಿನಲ್ಲಿ ಯಾವ ಕೊರತೆಯೂ ದಾಖಲಾಗುವುದಿಲ್ಲ.

ತುಮರಿ ಸೀಮೆ

ಶರಾವತಿಗೆ ಮೊದಲು ಬಿದ್ದ ದೊಡ್ಡ ಕಟ್ಟೆ ಹಿರೇಭಾಸ್ಕರದ್ದು. ಮಡೆನೂರು ಅಣೆಕಟ್ಟೆಂದೂ ಹೆಸರಾದ ಅದು ಜೋಗದ ವಿದ್ಯುದಾಗಾರಕ್ಕಾಗಿ 1948ರ ಹೊತ್ತಿಗೆ ಮುಗಿಯಿತು. 1964ರಲ್ಲಿ ಕೆಳಗಡೆ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಹಳೆಯ ಕಟ್ಟೆಯೇ ಹೊಸ ನೀರಿನಲ್ಲಿ ಮುಳುಗಿತು, ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಈಗಲೂ ಅದು ತಲೆ ಎತ್ತುತ್ತದೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಈ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಬಹುಕಾಲ ರಾಜ್ಯದ ಕಾರ್ಖಾನೆಗಳು ನಡೆದದ್ದೇ ಅದರ ಬಲದಿಂದ.

ಹತ್ತಾರು ಹಳ್ಳಿ ಮುಳುಗಿದವು, ಸಾವಿರಾರು ಮನೆಯವರು ಲಾರಿ ಹತ್ತಿ ಜಿಲ್ಲೆಯ ಬೇರೆ ಬೇರೆ ಕಾಡಂಚಿಗೆ ಹೋದರು. ತುಮರಿಯದು ಮುಳುಗಿದ ಊರಿನ ಕಥೆಯಲ್ಲ, ಉಳಿದ ಊರಿನ ಕಥೆ. ಕರೂರು, ಬಾರಂಗಿ ಕಡೆಯ ಈ ಗ್ರಾಮಗಳನ್ನು ಜನ ದ್ವೀಪವೆನ್ನುತ್ತಾರೆ. ನಕ್ಷೆ ನೋಡಿದರೆ ಪೂರಾ ದ್ವೀಪವಲ್ಲ: ಮೂರು ಕಡೆ ಹಿನ್ನೀರು, ಹಿಂದುಗಡೆ ಕೊಲ್ಲೂರಿನತ್ತ ಇಳಿಯುವ ಘಟ್ಟ. ಮೊದಲು ನೆಲದ ಮೇಲೆ ನಡೆದು ಹೋಗುತ್ತಿದ್ದ ಸಾಗರ ಪೇಟೆ ನೀರಿನಾಚೆ ಉಳಿಯಿತು. ಅಲ್ಲಿಗೆ ಹೋಗಲು ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಲಾಂಚ್, ಇಲ್ಲವೆ ನಿಟ್ಟೂರು, ಹೊಸನಗರದ ಮೇಲೆ ಬಳಸಿಕೊಂಡು ಹೋಗುವ ರಸ್ತೆಯೇ ಗತಿಯಾಯಿತು.

ನಾ. ಡಿಸೋಜ (1937-2025) ಈ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಎಲ್ಲವನ್ನೂ ಹತ್ತಿರದಿಂದ ಕಂಡವರು. ಅವರ ‘ದ್ವೀಪ’ ಕಾದಂಬರಿ ಗಿರೀಶ ಕಾಸರವಳ್ಳಿಯವರ ಚಿತ್ರವಾಗಿ ಹೆಚ್ಚು ಜನಕ್ಕೆ ಗೊತ್ತು. ಶಿಕ್ಷಣದ ವಿಷಯ ಹೇಳುವಾಗ ನೆನೆಯಬೇಕಾದ್ದು ಅವರ ಇನ್ನೊಂದು ಪುಸ್ತಕವನ್ನು: ಮುಳುಗಡೆಯ ಕಥೆಯನ್ನು ಮಕ್ಕಳಿಗೆಂದು ಹೇಳಿದ ‘ಮುಳುಗಡೆಯ ಊರಿಗೆ ಬಂದವರು’. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಅದಕ್ಕೆ ಬಂತು.

ಲಾಂಚಿನ ದಿನಚರಿಯೇ ಅಲ್ಲಿಯ ಓದಿನ ದಿನಚರಿಯಾಯಿತು. ಒಳನಾಡು ಜಲಸಾರಿಗೆ ಇಲಾಖೆಯ ಆ ಲಾಂಚು ಜನರ ಜೊತೆಗೆ ಬಸ್ಸು, ಜೀಪು, ಬೈಕು, ಗೊಬ್ಬರದ ಚೀಲ ಎಲ್ಲವನ್ನೂ ಹೊತ್ತು ದಾಟಿಸುತ್ತಿತ್ತು. ತುಮರಿ ಕಡೆಯ ಸಿಗಂದೂರು ಚೌಡೇಶ್ವರಿಯ ಭಕ್ತರು ಹೆಚ್ಚಿದಂತೆ ಲಾಂಚು ನಿಲ್ಲುವ ಹೊಳೆಬಾಗಿಲಿನಲ್ಲಿ ವಾಹನಗಳ ಸಾಲೂ ಬೆಳೆಯಿತು. ರಜೆಯ ದಿನ ಸ್ಥಳೀಯರು ತಮ್ಮ ಲಾಂಚಿಗೆ ತಾವೇ ಪಾಳಿ ಕಾಯಬೇಕಾಗುತ್ತಿತ್ತು. ಕತ್ತಲಾದರೆ ಲಾಂಚಿರಲಿಲ್ಲ. ಮಳೆ ಕೈಕೊಟ್ಟು ನೀರು ತಳ ಕಂಡರೆ ದಡಕ್ಕೆ ತಾಗಲಾರದೆ ವಾಹನ ಸಾಗಾಟ ನಿಲ್ಲುತ್ತಿತ್ತು. 2023ರ ಬೇಸಿಗೆಯ ಕೊನೆಗೆ ಆದದ್ದು ಹಾಗೆಯೇ. ಸಾಗರದ ಲಾಲ್ ಬಹದ್ದೂರ್ ಕಾಲೇಜಿಗೋ ಅಲ್ಲಿಯ ಸರ್ಕಾರಿ ಕಾಲೇಜಿಗೋ ಸೇರಿದ ಹುಡುಗನಿಗೆ ಕೊನೆಯ ಪಿರಿಯಡ್ಡಿಗಿಂತ ಕೊನೆಯ ಲಾಂಚು ಮುಖ್ಯವಾಗಿತ್ತು. ಸಂಜೆಯ ಪ್ರಾಕ್ಟಿಕಲ್, ಲೈಬ್ರರಿ, ಕ್ರೀಡೆ, ಟ್ಯೂಶನ್ ಇವೆಲ್ಲ ಸಾಗರದ ದಡದವರ ಪಾಲಿನವಾಗಿದ್ದವು. ಹೀಗಾಗಿ ಓದಿಸಲು ಮನಸ್ಸಿದ್ದವರು ಮಕ್ಕಳನ್ನು ಸಾಗರದಲ್ಲಿ ನೆಂಟರ ಮನೆಯಲ್ಲೋ ರೂಮು ಮಾಡಿಯೋ ಹಾಸ್ಟೆಲಿನಲ್ಲೋ ಬಿಟ್ಟರು. ಗಂಡುಮಕ್ಕಳಿಗೆ ಇದು ಹೇಗೋ ಒದಗಿತು. ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ಹಾಸ್ಟೆಲ್ ಸೀಟು ಸಿಕ್ಕಿದೆಯೋ ಇಲ್ಲವೋ ಎಂಬುದರ ಮೇಲೆ ಪೂರ್ತಿ ನಿರ್ಧಾರ ನಿಂತಿರುತ್ತಿತ್ತು.

ಸಣ್ಣ ಮಕ್ಕಳ ಕಷ್ಟ ಬೇರೆ. ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗಳು ಗುಂಪಾಗಿಲ್ಲ. ತೋಟಕ್ಕೊಂದು, ಗುಡ್ಡದ ತಿರುವಿಗೊಂದು ಎಂಬಂತೆ ಒಂಟಿಮನೆಗಳು. ಒಂದು ಕಿಲೋಮೀಟರಿನೊಳಗೆ ಕಿರಿಯ ಪ್ರಾಥಮಿಕ, ಮೂರು ಕಿಲೋಮೀಟರಿನೊಳಗೆ ಹಿರಿಯ ಪ್ರಾಥಮಿಕ ಶಾಲೆ ಇರಬೇಕೆಂದು ಶಿಕ್ಷಣ ಹಕ್ಕಿನ ನಿಯಮ ಹೇಳುತ್ತದೆ. ಆದರೆ ಮಳೆಗಾಲದ ಒಂದು ಕಿಲೋಮೀಟರಿನಲ್ಲಿ ಎರಡು ಹಳ್ಳ ಅಡ್ಡ ಬರಬಹುದು. ಅಡಕೆ ಮರದ ದಬ್ಬೆ ಕಟ್ಟಿದ ಕಾಲುಸಂಕದ ಮೇಲೆ ಮಕ್ಕಳನ್ನು ಕೈಹಿಡಿದು ದಾಟಿಸಲು ಮನೆಯ ಒಬ್ಬರು ದಿನಕ್ಕೆರಡು ಸಲ ಕೆಲಸ ಬಿಟ್ಟು ಬರಬೇಕು. ಜುಲೈ ತಿಂಗಳ ಹಾಜರಿ ಪುಸ್ತಕ ತೆರೆದರೆ ಯಾವ ಮಗುವಿನ ದಾರಿಯಲ್ಲಿ ಹಳ್ಳವಿದೆ ಎಂದು ಮೇಷ್ಟರು ಹೇಳಬಲ್ಲರು. ಮಲೆನಾಡು ಕರಾವಳಿಗಳಲ್ಲಿ ಕಾಲುಸಂಕದಿಂದ ಜಾರಿ ಮಕ್ಕಳು ಕೊಚ್ಚಿಹೋದ ಮೇಲೆ ಸರ್ಕಾರ ಶಾಲಾ ಸಂಪರ್ಕ ಸೇತು ಎಂಬ ಹೆಸರಿನಲ್ಲಿ ಕಿರುಸೇತುವೆಗಳನ್ನು ಕಟ್ಟಲು ಹೊರಟಿತು. ಹಣ ಕೊಟ್ಟದ್ದು ಲೋಕೋಪಯೋಗಿ ಇಲಾಖೆ, ಶಿಕ್ಷಣದ ಆಯವ್ಯಯದಲ್ಲಿ ಅದು ಸೇರುವುದಿಲ್ಲ. ಆದರೆ ಈ ಭಾಗಕ್ಕೆ ಸಂದ ಶಿಕ್ಷಣ ಯೋಜನೆಗಳಲ್ಲಿ ಅದಕ್ಕೆ ಮೇಲಿನ ಸ್ಥಾನ ಕೊಡಬೇಕು.

ಮನೆಗಳು ಚದುರಿದ್ದರಿಂದ ಶಾಲೆಗಳೂ ಸಣ್ಣವು. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರೆಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. ಬೇರೆ ಕಡೆ ಮಕ್ಕಳು ಹೆಚ್ಚಾಗಿ ಶಿಕ್ಷಕರು ಸಾಲದ ಸಮಸ್ಯೆಯನ್ನು ಗಮನದಲ್ಲಿಟ್ಟ ಸೂತ್ರ ಇದು. ಹನ್ನೆರಡು ಮಕ್ಕಳಿಗೆ ಒಬ್ಬ ಶಿಕ್ಷಕರಿರುವ ಶಾಲೆ ಅಂಕಿಅಂಶದಲ್ಲಿ ಬೆಂಗಳೂರಿನ ದುಬಾರಿ ಶಾಲೆಗಿಂತ ಶ್ರೀಮಂತವಾಗಿ ಕಾಣುತ್ತದೆ. ಒಳಗೆ ಹೋಗಿ ನೋಡಿದರೆ ಅದೇ ಒಬ್ಬರು ಐದು ತರಗತಿಗಳಿಗೂ ಪಾಠ ಮಾಡಬೇಕು, ಬಿಸಿಯೂಟದ ಅಕ್ಕಿಯ ಲೆಕ್ಕ ಬರೆಯಬೇಕು, ಬಿಇಓ ಕಚೇರಿಗೆ ಮಾಹಿತಿ ಒಯ್ಯಬೇಕು. ಅವರು ಸಾಗರಕ್ಕೆ ಮೀಟಿಂಗಿಗೆ ಹೊಳೆ ದಾಟಿದ ದಿನ ಶಾಲೆಗೆ ಅರ್ಧ ರಜೆಯೇ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ, ಒಂದೇ ಕೋಣೆಯಲ್ಲಿ ಒಂದರಿಂದ ಮೂರನೆಯ ತರಗತಿಯವರನ್ನು ಕೂರಿಸಿ ಅವರವರ ವೇಗದಲ್ಲಿ ಕಲಿಸುವ ಪದ್ಧತಿ. ಇಂಥ ಶಾಲೆಗೆ ಅದು ನಿಜಕ್ಕೂ ಹೇಳಿಮಾಡಿಸಿದ್ದು. ನಾಲ್ಕು, ಐದನೆಯವರನ್ನು ಏನು ಮಾಡುವುದು ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ. 2007ರ ವರ್ಗಾವಣೆ ಕಾಯ್ದೆ ಶಾಲೆಗಳನ್ನು ಎ, ಬಿ, ಸಿ ವಲಯಗಳೆಂದು ವಿಂಗಡಿಸಿ ದೂರದ ಸಿ ವಲಯಕ್ಕೂ ಶಿಕ್ಷಕರು ಸಿಗುವಂತೆ ಮಾಡಲು ನೋಡಿತು. ಆದರೂ ಹೊಳೆಯಾಚೆಗೆ ಬಂದವರ ಕಣ್ಣು ಮುಂದಿನ ಕೌನ್ಸೆಲಿಂಗ್ ಮೇಲೆ ಇರುವುದು ಸಹಜ, ಖಾಲಿ ಬಿದ್ದ ಜಾಗವನ್ನು ಅತಿಥಿ ಶಿಕ್ಷಕರು ತುಂಬುತ್ತಾರೆ.

ಇದರ ಮೇಲೆ ಅಡಕೆಯ ಹಂಗಾಮು. ದೀಪಾವಳಿಯ ಆಸುಪಾಸಿಗೆ ಕೊನೆಗಾರರು ಮರ ಹತ್ತಿದರೆಂದರೆ ಸಂಕ್ರಾಂತಿ ಕಳೆಯುವವರೆಗೂ ಮನೆಮನೆಯಲ್ಲಿ ಸುಲಿಗೆ, ಬೇಯಿಸುವುದು, ಒಣಗಿಸುವುದು. ತೋಟವಿಲ್ಲದ ಮನೆಯ ಹೆಂಗಸರು ರಾತ್ರಿ ಹತ್ತು ಗಂಟೆಯವರೆಗೆ ಲೆಕ್ಕದ ಮೇಲೆ ಸುಲಿಯಲು ಕೂರುತ್ತಾರೆ. ದೊಡ್ಡ ಹುಡುಗಿಯಾದರೆ ತಾಯಿಯ ಪಕ್ಕದಲ್ಲಿ ಅವಳಿಗೂ ಒಂದು ಕತ್ತಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ಶುರುವಾಗುವುದೂ ಇದೇ ತಿಂಗಳುಗಳಲ್ಲಿ.

ಕಾಗದದ ಬಡತನ

ಓದು ಬಾರದವನಿಗೆ ಆಗುವ ನಷ್ಟವನ್ನು ನಾವು ಸಾಮಾನ್ಯವಾಗಿ ಸಂಬಳದ ಲೆಕ್ಕದಲ್ಲಿ ಹೇಳುತ್ತೇವೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಇತಿಹಾಸದಲ್ಲಿ ಅದನ್ನು ಜಮೀನಿನ ಲೆಕ್ಕದಲ್ಲೂ ಹೇಳಬಹುದು. 1951ರ ಕಾಗೋಡು ಸತ್ಯಾಗ್ರಹ ಹುಟ್ಟಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ: ಒಡೆಯರು ಗೇಣಿ ಪಡೆಯುವಾಗ ದೊಡ್ಡ ಕೊಳಗ ಬಳಸುತ್ತಾರೆ ಎಂಬ ದೂರು. ಎಚ್. ಗಣಪತಿಯಪ್ಪ ದೀವರ ಗೇಣಿದಾರರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ತಾಲ್ಲೂಕು ಆರಗದ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಹೋದರು.

ಉಳುವವನಿಗೆ ನೆಲ ಸಿಕ್ಕಿದ್ದು 1974ರಲ್ಲಿ ಜಾರಿಗೆ ಬಂದ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿಯಿಂದ. ಆದರೆ ಅದು ತಾನಾಗಿ ಬರುವ ನೆಲವಲ್ಲ. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಬರೆದು ಭೂನ್ಯಾಯ ಮಂಡಳಿಯ ಮುಂದೆ ಹಾಜರಾಗಬೇಕು, ಸರ್ವೆ ನಂಬರು ತಪ್ಪಬಾರದು, 1979ರ ಜೂನ್ 30ರೊಳಗೆ ಸಲ್ಲಿಸಿರಬೇಕು. ಹಿನ್ನೀರಿನವರಿಗೆ ಇನ್ನೂ ಒಂದು ತೊಡಕಿತ್ತು. ಅವರ ಗದ್ದೆ ಮುಳುಗಿದ್ದು ಈ ಕಾನೂನಿಗೆ ಹತ್ತು ವರ್ಷ ಮೊದಲೇ. ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರನಿಗೆ ಮುಳುಗಡೆಯ ಪರಿಹಾರದಲ್ಲಿ ದಕ್ಕಿದ್ದು ಅಷ್ಟಕ್ಕಷ್ಟೆ. ಬೇರೆಡೆ ಕಾಡಂಚಿನಲ್ಲಿ ನೆಲೆ ಕೊಟ್ಟವರಿಗೂ ಆ ನೆಲ ಅರಣ್ಯದ ದಾಖಲೆಯಿಂದ ಸರಿಯಾಗಿ ಬಿಡುಗಡೆಯಾಗದೆ ಹಕ್ಕುಪತ್ರದ ವ್ಯಾಜ್ಯ ಅರವತ್ತು ವರ್ಷದಿಂದ ಎಳೆಯುತ್ತಲೇ ಇದೆ.

ಈ ದಾಖಲೆಯ ಕೊರತೆ ಶಿಕ್ಷಣಕ್ಕೆ ತಿರುಗಿ ಬಂದು ಬಡಿಯುತ್ತದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಭದ್ರತೆ ಕೇಳುವುದಿಲ್ಲ, 7.5 ಲಕ್ಷ ದಾಟಿದರೆ ಆಸ್ತಿ ಅಡವು ಬೇಕು. ಅಪ್ಪನ ಹೆಸರಿನಲ್ಲಿ ಪಹಣಿಯೇ ಇಲ್ಲದ ಮನೆಯಿಂದ ಬಂದವನ ಓದಿನ ಮಿತಿ ಅಲ್ಲಿಗೇ ನಿಗದಿಯಾಗುತ್ತದೆ. ಅಂದು ನಮೂನೆ 7 ಇದ್ದಂತೆ ಇಂದು ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಮೊಬೈಲಿಗೆ ಬರುವ ಓಟಿಪಿ ಎಲ್ಲ ಒಂದೇ ದಿನ ಕೂಡಿಬರಬೇಕು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ ಮಲೆನಾಡಿನ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಹಿನ್ನೀರಿನ ಊರುಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂಬ ಅಭಿಯಾನವೇ ಎದ್ದಿತು. ಮೇಷ್ಟರನ್ನೇ ಮಕ್ಕಳಿದ್ದಲ್ಲಿಗೆ ಕಳಿಸಿದ ವಿದ್ಯಾಗಮ ಇಂಥ ಕಡೆಗೆ ಸರಿಯಾದ ಉಪಾಯವಾಗಿತ್ತು. ಸೋಂಕಿನ ಭಯದಿಂದ ಅದು ಆ ವರ್ಷದ ಅಕ್ಟೋಬರಿನಲ್ಲೇ ನಿಂತು ಮುಂದಿನ ಜನವರಿಯಲ್ಲಿ ಮತ್ತೆ ಶುರುವಾಯಿತು.

ಯೋಜನೆಗಳು, ಫಲ

ಮೆಕ್ಸಿಕೋ 1997ರಿಂದ, ಬ್ರೆಜಿಲ್ 2003ರಿಂದ ಮಕ್ಕಳನ್ನು ಶಾಲೆಗೆ ಕಳಿಸುವ ಶರತ್ತಿನ ಮೇಲೆ ಬಡ ತಾಯಂದಿರಿಗೆ ಹಣ ಕೊಡತೊಡಗಿದವು. ಬಡತನ ನಿವಾರಣೆಗೂ ಶಿಕ್ಷಣಕ್ಕೂ ಒಂದೇ ಗಂಟು ಹಾಕಿದ ಪ್ರಯೋಗ ಅದು. ಕರ್ನಾಟಕದಲ್ಲಿ ಅದಕ್ಕೆ ಹತ್ತಿರವಾದದ್ದು 2006-07ರ ಭಾಗ್ಯಲಕ್ಷ್ಮಿ: ಬಿಪಿಎಲ್ ಮನೆಯ ಹೆಣ್ಣುಮಗುವಿನ ಹೆಸರಿನಲ್ಲಿ ಬಾಂಡ್, ಎಂಟನೆಯ ತರಗತಿಯವರೆಗೆ ಓದಬೇಕು, ಹದಿನೆಂಟರೊಳಗೆ ಮದುವೆಯಾಗಬಾರದು. 2023ರ ಗೃಹಲಕ್ಷ್ಮಿ ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ ಕೊಡುತ್ತದೆ, ಶಾಲೆಯ ಶರತ್ತಿಲ್ಲ. ಶರತ್ತಿಲ್ಲದ್ದೇ ಒಳ್ಳೆಯದೆಂದು ಈ ಲೇಖಕನ ಅಭಿಪ್ರಾಯ. ಓದಿಸಬಾರದೆಂಬ ಹಟ ಹಿನ್ನೀರಿನ ತಾಯಂದಿರಿಗೆ ಇಲ್ಲ, ಹಾಸ್ಟೆಲ್ ಫೀಸು, ಬಸ್ ಚಾರ್ಜು ಹೊಂದಿಸಲು ಅದೇ ಹಣ ಹೋಗುತ್ತದೆ.

2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ ಆಮೇಲೆ ಎಲ್ಲೆಡೆ ಹರಡಿದ ಬಿಸಿಯೂಟ, 2013ರ ಕ್ಷೀರಭಾಗ್ಯ ಇವು ಬೆಳಗ್ಗೆ ಏಳಕ್ಕೇ ಮನೆ ಬಿಡುವ ಮಲೆನಾಡಿನ ಮಕ್ಕಳಿಗೆ ಬಯಲಿನವರಿಗಿಂತ ಹೆಚ್ಚು ಬೇಕಾದವು. 2006-07ರಿಂದ ಎಂಟನೆಯ ತರಗತಿಯವರಿಗೆ ಕೊಟ್ಟ ಸೈಕಲ್ ರಾಜ್ಯದ ಎಷ್ಟೋ ಹುಡುಗಿಯರನ್ನು ಹೈಸ್ಕೂಲಿಗೆ ಮುಟ್ಟಿಸಿದ ಯೋಜನೆ. ಹಿನ್ನೀರಿನ ಏರಿಳಿತದ ಕಾಲುದಾರಿಯಲ್ಲಿ ಅದು ಮನೆಯ ಜಗುಲಿಯಲ್ಲಿ ನಿಂತದ್ದೇ ಹೆಚ್ಚು, ಅದೇ ಯೋಜನೆಯನ್ನು ಇಲ್ಲಿಗೆ ಬಸ್ಸಿನ ಖರ್ಚಾಗಿ ಪರಿವರ್ತಿಸಿ ಕೊಡಬಹುದಿತ್ತು. ಬಸ್ಸಿನ ಮಾತು ಬಂದಾಗ ಹೇಳಬೇಕಾದ್ದೊಂದಿದೆ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು, ಅಲ್ಲಿ ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ನಗುತ್ತಾನೆ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿದ ಸಹಕಾರ ಸಾರಿಗೆ ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟು ಮಲೆನಾಡಿನ ಒಂದು ತಲೆಮಾರನ್ನು ಕಾಲೇಜಿಗೆ ಒಯ್ದಿತ್ತು. ನಷ್ಟದಲ್ಲಿ ಸಿಕ್ಕಿ 2020ರಲ್ಲಿ ಅದು ಬಾಗಿಲು ಹಾಕಿದಾಗ ಎಲ್ಲರೂ ಅದನ್ನು ಸಾರಿಗೆಯ ಸುದ್ದಿಯಾಗಿ ಓದಿದರು, ಶಿಕ್ಷಣ ಇಲಾಖೆಗೆ ಅದರಿಂದ ಏನಾಯಿತೆಂದು ಯಾರೂ ಕೇಳಲಿಲ್ಲ.

ಹಾಸ್ಟೆಲುಗಳ ಬಗ್ಗೆ ಹೆಚ್ಚು ವಾದ ಬೇಕಿಲ್ಲ. ಅರಸು ಕಾಲದಲ್ಲಿ ವಿಸ್ತರಿಸಿದ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು, ಆಮೇಲಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಸೀಟು ಸಿಗದವರಿಗೆ ತಿಂಗಳಿಗೆ 1500 ರೂಪಾಯಿಯಂತೆ ಕೊಟ್ಟ ವಿದ್ಯಾಸಿರಿ ಇವು ದೂರವನ್ನು ನೇರವಾಗಿ ಎದುರಿಸಿದವು. ಕುವೆಂಪು, ಅನಂತಮೂರ್ತಿಯವರಂಥ ಮಲೆನಾಡಿನವರೂ ಓದಿಗಾಗಿ ಊರು ಬಿಟ್ಟು ಮೈಸೂರಿಗೆ ಹೋದವರೇ. ಹೋಗಲು ಹಿಂದೆ ಮನೆತನದ ಅನುಕೂಲ ಬೇಕಿತ್ತು, ಹಾಸ್ಟೆಲು ಬಂದ ಮೇಲೆ ಅದಿಲ್ಲದವರೂ ಹೋದರು. ಒಂದೇ ಕೊರತೆ: ಸೀಟು ಹಂಚಿಕೆಯಲ್ಲಿ ಜಾತಿ, ಆದಾಯ, ಅಂಕಗಳಿಗೆ ಇರುವ ಸ್ಥಾನ ದೂರಕ್ಕೂ ಸಿಗಬೇಕಿತ್ತು.

ಸೇತುವೆಯ ನಂತರ

ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಕೇಬಲ್ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಲಿಂಗನಮಕ್ಕಿ ತುಂಬಿ ಅರವತ್ತು ವರ್ಷ ಕಳೆದ ಮೇಲೆ. ರಾಷ್ಟ್ರೀಯ ಹೆದ್ದಾರಿಯ ಕಾಮಗಾರಿಯಾಗಿ ಮಂಜೂರಾದ ಈ ಸೇತುವೆಯ ಉದ್ಘಾಟನೆಯ ಹೊತ್ತಿಗೆ ಕೇಳಿದ್ದು ಸಿಗಂದೂರು, ಕೊಲ್ಲೂರು, ಪ್ರವಾಸೋದ್ಯಮ. ತುಮರಿಯ ಹುಡುಗಿಯೊಬ್ಬಳು ಇನ್ನು ಸಾಗರದ ಕಾಲೇಜಿಗೆ ಮನೆಯಿಂದಲೇ ಹೋಗಿಬರಬಹುದು, ಸಂಜೆ ಪ್ರಾಕ್ಟಿಕಲ್ ಮುಗಿಸಿಕೊಂಡೇ ಹೊರಡಬಹುದು. ಆದರೆ ಸೇತುವೆ ಹೆದ್ದಾರಿಯ ಅಂಚಿನವರಿಗೆ ಕೊಟ್ಟಷ್ಟನ್ನು ಒಳಗಿನ ಊರುಗಳಿಗೆ ಕೊಡುವುದಿಲ್ಲ. ಅಲ್ಲಿಂದ ಹೆದ್ದಾರಿಗೆ ಬರಲು ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು ಬೇಕು.

ಇನ್ನೊಂದು ಬದಲಾವಣೆಯ ಸಾಧ್ಯತೆಯೂ ಇದೆ. ಹೊಳೆ ಅಡ್ಡವಿದ್ದಷ್ಟು ಕಾಲ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗಳ ಹಳದಿ ವ್ಯಾನು ಈ ಕಡೆ ಬರುವಂತಿರಲಿಲ್ಲ. ಸರ್ಕಾರಿ ಶಾಲೆಗಳಲ್ಲಿ ತೋಟದವರ ಮಕ್ಕಳೂ ಕೂಲಿಯವರ ಮಕ್ಕಳೂ ಒಟ್ಟಿಗೆ ಕೂತಿದ್ದರೆ ಅದಕ್ಕೆ ಆ ನೀರೂ ಒಂದು ಕಾರಣ. ವ್ಯಾನು ದಾಟಿ ಬಂದರೆ ಫೀಸು ಕಟ್ಟಬಲ್ಲವರು ಮೊದಲು ಹೋಗುತ್ತಾರೆ. ಹನ್ನೆರಡಿದ್ದ ಮಕ್ಕಳು ಆರಾಗುತ್ತಾರೆ, ಆರಕ್ಕೆ ಒಬ್ಬ ಶಿಕ್ಷಕರೇಕೆ ಎಂಬ ಪ್ರಶ್ನೆ ಕಡತಕ್ಕೆ ಬರುತ್ತದೆ, ಶಾಲೆಯನ್ನು ಹೋಬಳಿಯ ಕರ್ನಾಟಕ ಪಬ್ಲಿಕ್ ಶಾಲೆಯಂಥ ದೊಡ್ಡದಕ್ಕೆ ಸೇರಿಸುವ ಪ್ರಸ್ತಾವ ಹೊರಡುತ್ತದೆ. ದೊಡ್ಡ ಶಾಲೆಯಲ್ಲಿ ತರಗತಿಗೊಬ್ಬ ಶಿಕ್ಷಕರು, ಪ್ರಯೋಗಾಲಯ, ಆಟದ ಬಯಲು ಸಿಗುತ್ತವೆಂಬುದು ಸುಳ್ಳಲ್ಲ. ಹಳ್ಳದಾಚೆಯ ಒಂಟಿಮನೆಯ ಆರು ವರ್ಷದ ಮಗುವನ್ನು ಅಲ್ಲಿಗೆ ಮುಟ್ಟಿಸುವ ವಾಹನದ ಖರ್ಚು ಆ ಪ್ರಸ್ತಾವದಲ್ಲೇ ಬರೆದಿರಬೇಕು, ವಾಹನ ಓಡಲು ಶುರುವಾದ ಮೇಲಷ್ಟೇ ಹಳೆಯ ಶಾಲೆಗೆ ಬೀಗ ಹಾಕಬೇಕು.